ದೃಷ್ಟಿಗೆ ಕಟ್ಟಿದ ನ್ಯೂಯಾರ್ಕಿನ ಪುಢಾರಿ

ಅಮೆರಿಕದ ರಾಜಕೀಯ ವ್ಯಂಗ್ಯಚಿತ್ರಗಳ ಇತಿಹಾಸವನ್ನು ನಾನಾಗಿ ಆರಿಸಿಕೊಂಡವಳಲ್ಲ. ಅದು ನನ್ನ ಪಾಲಿಗೆ ಬಂದದ್ದು. ಯಲಹಂಕದ ಆಚೆ, ಬಾಗಲೂರಿಗೆ ಹೋಗುವ ದಾರಿಯಲ್ಲಿರುವ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ನಾನು ಆಗ ಅತಿಥಿ ಉಪನ್ಯಾಸಕಿಯಾಗಿದ್ದೆ. ಬೇಸಿಗೆ ಬಂದೊಡನೆ ನಮ್ಮಂಥವರನ್ನು ಮನೆಗೆ ಕಳುಹಿಸುತ್ತಿದ್ದರು. ಮಳೆಗಾಲದಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಆ ವರ್ಷ ಇತಿಹಾಸ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ತೆರವಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರ ಎದುರಿಗೆ ಒಂದು ಮಾದರಿ ಪಾಠ ಮಾಡಬೇಕು, ಅವರು ಒಪ್ಪಿದರೆ ಹುದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳು. ಆದ್ದರಿಂದ ಈ ಪಾಠ ನನ್ನೊಬ್ಬಳ ಪರೀಕ್ಷೆಯಾಗಿ ಉಳಿದಿರಲಿಲ್ಲ. ಅಮೃತಹಳ್ಳಿಯ ನಮ್ಮ ಬೀದಿಗೆ ಬೀದಿಯೇ ಅದರ ಫಲಿತಾಂಶಕ್ಕೆ ಕಾದಿತ್ತು.

ವಿಷಯವನ್ನು ಸೂಚಿಸಿದವರು ನಿವೃತ್ತಿಯ ಅಂಚಿನಲ್ಲಿದ್ದ ವಿಭಾಗದ ಮುಖ್ಯಸ್ಥರು.

"ನೋಡಮ್ಮ, ಅಧ್ಯಕ್ಷರ ಮುಂದೆ ವಿಜಯನಗರ ಅಂತ ಬಾಯಿ ಬಿಟ್ಟೆಯೋ, ಅವರೇ ಎದ್ದು ಪಾಠ ಶುರು ಮಾಡ್ತಾರೆ. ಹೋದ ಸಲ ಬಂದಿದ್ದ ಹುಡುಗ ಪಾಪ, ನಮಸ್ಕಾರ ಅಂದಿದ್ದು ಬಿಟ್ರೆ ಬೇರೆ ಏನೂ ಮಾತಾಡ್ಲಿಲ್ಲ. ಸಿಲಬಸ್ಸಲ್ಲಿ ಕೊನೇ ಯೂನಿಟ್ ನೋಡು. ಅಮೆರಿಕದ ಕಾರ್ಟೂನು. ನಾನೂ ಇದುವರೆಗೂ ಮಾಡಿಲ್ಲ, ಪರೀಕ್ಷೇಲೂ ಬಂದಿಲ್ಲ. ಅದನ್ನ ಹಿಡ್ಕೋ. ಗೊತ್ತಿಲ್ಲದ ವಿಷಯ ಆದ್ರೆ ಪ್ರಶ್ನೆ ಕೇಳಲ್ಲ."

ಅಧ್ಯಕ್ಷರನ್ನು ನಾನು ಅದುವರೆಗೆ ಮುಖತಃ ಕಂಡಿರಲಿಲ್ಲ. ಆದರೆ ಕಾಣದೆಯೂ ಇರಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಕಂಬಗಳ ಬಳಿ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ನಮ್ಮ ಕಾಲೇಜಿನ ಗೇಟಿನ ನೆತ್ತಿಯ ಮೇಲೆ, ಎಲ್ಲೆಲ್ಲೂ ಅವರ ಫ್ಲೆಕ್ಸುಗಳಿದ್ದವು. ಹಬ್ಬಕ್ಕೆ ಶುಭಾಶಯ, ಹುಟ್ಟುಹಬ್ಬಕ್ಕೆ ಶುಭಾಶಯ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಬರಿಯ ಶುಭಾಶಯ. ಅವುಗಳಲ್ಲಿ ಅವರಿಗೆ ದಟ್ಟವಾದ ಕಪ್ಪು ಕೂದಲು, ನುಣ್ಣನೆಯ ಕೆನ್ನೆ, ಹಾಲಿನಲ್ಲಿ ಅದ್ದಿ ತೆಗೆದಂಥ ಬಣ್ಣ. ಕೈ ಮುಗಿದು ನಿಂತ ಆ ವ್ಯಕ್ತಿಗೆ ವಯಸ್ಸೆಂಬುದೇ ಇರಲಿಲ್ಲ. ಕೆಳಗೆ ಬೆಂಬಲಿಗರ ಮುಖಗಳು, ತಟ್ಟೆಯಲ್ಲಿ ಜೋಡಿಸಿಟ್ಟ ಲಾಡುಗಳಂತೆ ದುಂಡಗೆ, ಎಲ್ಲವೂ ಅದೇ ಬಣ್ಣದಲ್ಲಿ. ಹಳೆಯ ರೈತ ಮನೆತನದವರು, ಹೊಲಗಳಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳನ್ನು ಕಟ್ಟಿಸುತ್ತಾರೆ ಎಂಬುದಷ್ಟೇ ಅವರ ಬಗ್ಗೆ ನನಗೆ ತಿಳಿದಿದ್ದದ್ದು.

ನಾನು ಸಿದ್ಧತೆಗೆ ತೊಡಗಿದೆ. ನನ್ನದು ಅನುಮಾನದ ಸ್ವಭಾವ. ಯಾವ ವಾಕ್ಯವನ್ನೂ ಎರಡು ಸಲ ಪರಿಶೀಲಿಸದೆ ಆಡುವುದಿಲ್ಲ. ಆದ್ದರಿಂದ ಇಡೀ ಪಾಠವನ್ನು ಮೊದಲು ಮನೆಯವರ ಮುಂದೆ ಒಪ್ಪಿಸಿ ನೋಡುವುದೆಂದು ನಿಶ್ಚಯಿಸಿದೆ. ಅಪ್ಪ ಯಶವಂತಪುರದ ಮಾರುಕಟ್ಟೆಯಿಂದ ಅಂಗಡಿಗಳಿಗೆ ಸರಕು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾರೆ. ಅಮ್ಮ ಮನೆಯಲ್ಲಿಯೇ ರವಿಕೆ ಹೊಲಿಯುತ್ತಾಳೆ. ಅಮ್ಮನಿಗೆ ಅಕ್ಷರ ಬಾರದು. ಬಸ್ಸನ್ನು ಅದರ ಬಣ್ಣದಿಂದಲೂ, ಮಾತ್ರೆಯನ್ನು ಅದರ ಆಕಾರದಿಂದಲೂ, ಚುನಾವಣೆಯ ಅಭ್ಯರ್ಥಿಯನ್ನು ಅವನ ಗುರುತಿನಿಂದಲೂ ಗುರುತಿಸುತ್ತಾಳೆ. ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿ ಆರಂಭಿಸಿದೆ.

ಅಮೆರಿಕ ಸ್ವತಂತ್ರವಾಗುವುದಕ್ಕೂ ಮೊದಲು ಅಲ್ಲಿನ ಒಂದು ಪತ್ರಿಕೆಯಲ್ಲಿ ತುಂಡು ತುಂಡಾದ ಹಾವಿನ ಚಿತ್ರವೊಂದು ಅಚ್ಚಾಯಿತೆಂದೂ, ಒಂದೊಂದು ತುಂಡಿಗೂ ಒಂದೊಂದು ವಸಾಹತಿನ ಗುರುತಿತ್ತೆಂದೂ, ಒಂದಾಗದಿದ್ದರೆ ಸಾಯುವಿರಿ ಎಂಬುದು ಅದರ ಸಂದೇಶವೆಂದೂ ವಿವರಿಸಿದೆ. ಕತ್ತರಿಸಿದ ಹಾವನ್ನು ಸೂರ್ಯ ಮುಳುಗುವುದರೊಳಗೆ ಜೋಡಿಸಿದರೆ ಅದು ಮತ್ತೆ ಬದುಕುತ್ತದೆ ಎಂಬ ನಂಬಿಕೆ ಆ ಜನರಲ್ಲಿತ್ತು ಎಂದಾಗ ಅಮ್ಮ ಸೂಜಿ ನಿಲ್ಲಿಸಿ ತಲೆಯೆತ್ತಿದಳು.

"ಯಾರೇ ಜೋಡಿಸೋಕೆ ಹೋಗಿದ್ದು ಆ ಹಾವನ್ನ?"

"ಯಾರೂ ಇಲ್ಲಮ್ಮ. ಅದು ಚಿತ್ರ."

"ಮತ್ತೆ ನಂಬಿಕೆ ಅಂದೆ?"

ನಾನು ಮುಂದಕ್ಕೆ ಹೋದೆ. ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಮತಕ್ಷೇತ್ರದ ಗಡಿಯನ್ನು ಅಂಕುಡೊಂಕಾಗಿ ಎಳೆದವರನ್ನು ಅಣಕಿಸಲು, ಆ ನಕ್ಷೆಗೇ ತಲೆ, ರೆಕ್ಕೆ, ಉಗುರುಗಳನ್ನು ಬರೆದು ಹಲ್ಲಿಯಂಥ ಪ್ರಾಣಿಯನ್ನು ಮಾಡಿದ ಚಿತ್ರದ ಬಗ್ಗೆ ಹೇಳಿದೆ. ಅಲ್ಲಿನ ಎರಡು ದೊಡ್ಡ ಪಕ್ಷಗಳಿಗೆ ಕತ್ತೆ ಮತ್ತು ಆನೆ ಗಟ್ಟಿಯಾಗಿ ಅಂಟಿಕೊಂಡದ್ದು ವ್ಯಂಗ್ಯಚಿತ್ರಕಾರರಿಂದಲೇ ಎಂದೆ.

"ಕತ್ತೆ ಗುರುತಿಗೆ ಓಟ್ ಹಾಕ್ತಾರಾ?" ಅಮ್ಮನ ದನಿಯಲ್ಲಿ ನಿಜವಾದ ಕಳವಳವಿತ್ತು.

"ಅವರೇ ಹೆಮ್ಮೆಯಿಂದ ಇಟ್ಕೊಂಡಿದ್ದಾರೆ."

"ಅಷ್ಟು ದೊಡ್ ದೇಶ. ಒಂದು ಕುದುರೆ ಸಿಗ್ಲಿಲ್ವಾ?"

ಅಪ್ಪನ ಗೂಡ್ಸ್ ಆಟೋದ ಮುಂಭಾಗದಲ್ಲಿ, ಹೆಡ್‌ಲೈಟುಗಳ ನಡುವೆ, ಒಂದು ಟೆಡ್ಡಿ ಬೇರ್ ಗೊಂಬೆಯನ್ನು ನೈಲಾನ್ ಹಗ್ಗದಿಂದ ಬಿಗಿಯಲಾಗಿದೆ. ಯಾರೋ ಬಿಸಾಡಿದ್ದನ್ನು ತಂದು, ತೊಳೆದು, ಅಂದಕ್ಕೆಂದು ಕಟ್ಟಿಕೊಂಡದ್ದು. ಆ ಗೊಂಬೆ ಕೂಡ ಒಂದು ರಾಜಕೀಯ ವ್ಯಂಗ್ಯಚಿತ್ರದಿಂದಲೇ ಹುಟ್ಟಿತೆಂದು ನಾನು ತಿಳಿಸಿದೆ. ಬೇಟೆಗೆ ಹೋದ ಅಮೆರಿಕದ ಅಧ್ಯಕ್ಷರೊಬ್ಬರಿಗೆ ಜೊತೆಗಾರರು ಒಂದು ಕರಡಿಯನ್ನು ಹಿಡಿದು ಕಟ್ಟಿಹಾಕಿ ಕೊಟ್ಟರಂತೆ; ಕಟ್ಟಿದ ಪ್ರಾಣಿಯನ್ನು ಕೊಲ್ಲುವುದು ತರವಲ್ಲವೆಂದು ಅವರು ಗುಂಡು ಹಾರಿಸಲಿಲ್ಲ. ಅದನ್ನು ಒಬ್ಬ ಚಿತ್ರಕಾರ ಪತ್ರಿಕೆಯಲ್ಲಿ ಬರೆದ; ಅದನ್ನು ಕಂಡ ಅಂಗಡಿಯವರೊಬ್ಬರು ಗೊಂಬೆ ಮಾಡಿ ಮಾರಿದರು.

ಅಪ್ಪ ಎದ್ದು ಬಾಗಿಲಿಗೆ ಹೋಗಿ ಆಟೋವನ್ನು ಬಹಳ ಹೊತ್ತು ನೋಡಿದರು.

"ಹಂಗಾದ್ರೆ ನಾನು ಕಟ್ಟಾಕಿರೋದು ಸರಿಯಾಗೇ ಇದೆ."

ಈ ಪಾಠದ ತಿರುಳು ಮಾತ್ರ ಒಬ್ಬ ಪುಢಾರಿಯ ಕಥೆಯಾಗಿತ್ತು. ಅಮೆರಿಕದ ಅಂತರ್ಯುದ್ಧ ಮುಗಿದ ನಂತರದ ವರ್ಷಗಳಲ್ಲಿ ನ್ಯೂಯಾರ್ಕ್ ನಗರವನ್ನು ತನ್ನ ಅಂಗೈಯಲ್ಲಿಟ್ಟುಕೊಂಡಿದ್ದ ಧಡೂತಿ ಮನುಷ್ಯ. ನ್ಯಾಯಾಲಯದ ಕಟ್ಟಡವೊಂದನ್ನು ಕಟ್ಟಿಸುವ ನೆಪದಲ್ಲಿ ಅವನೂ ಅವನ ಕೂಟದವರೂ ನಗರದ ಬೊಕ್ಕಸವನ್ನು ಬರಿದು ಮಾಡಿದ್ದರು. ಪತ್ರಿಕೆಗಳು ಬರೆದದ್ದಕ್ಕೆ ಅವನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲವಂತೆ. ಅವನಿಗೆ ಮತ ಹಾಕುವವರಲ್ಲಿ ಬಹುಮಂದಿಗೆ ಓದು ಬರುತ್ತಿರಲಿಲ್ಲ. ಆದರೆ ಒಬ್ಬ ಚಿತ್ರಕಾರ ವಾರ ವಾರವೂ ಅವನ ಹೊಟ್ಟೆ, ಬೋಳು ನೆತ್ತಿ, ಗಡ್ಡ, ಅಂಗಿಯ ಮೇಲಿನ ವಜ್ರದ ಪಿನ್ನು ಇವನ್ನೇ ಹಿಗ್ಗಿಸಿ ಬರೆಯತೊಡಗಿದಾಗ ಅವನಿಗೆ ನಿದ್ದೆ ಹೋಯಿತು. ಓದಲು ಬಾರದವರಿಗೂ ಕಣ್ಣಿತ್ತು. ಕೊನೆಗೆ ಅವನು ತಪ್ಪಿಸಿಕೊಂಡು ಸ್ಪೇನ್ ದೇಶಕ್ಕೆ ಓಡಿದ. ಅಲ್ಲಿನ ಅಧಿಕಾರಿಗಳು ಅವನನ್ನು ಪತ್ತೆ ಹಚ್ಚಿದ್ದು ಅಂಥದ್ದೇ ಒಂದು ವ್ಯಂಗ್ಯಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು. ಆ ಚಿತ್ರದಲ್ಲಿ ಅವನ ಹಿಡಿತದಲ್ಲಿ ಇಬ್ಬರು ಹುಡುಗರಿದ್ದುದರಿಂದ, ಸ್ಪೇನಿನವರು ಅವನನ್ನು ಮಕ್ಕಳ ಕಳ್ಳನೆಂದು ತಿಳಿದರೆಂಬ ಮಾತೂ ಇದೆ. ಚಿತ್ರದ ಅರ್ಥ ಅವರಿಗೆ ತಪ್ಪಾಗಿ ಹೊಳೆಯಿತು, ಮನುಷ್ಯ ಮಾತ್ರ ಸರಿಯಾಗಿ ಸಿಕ್ಕಿದ.

ಇಂಥ ಕಥೆಗೆ ಚಿತ್ರವಿಲ್ಲದೆ ಹೇಗೆ? ಕಾಲೇಜಿನ ಪ್ರೊಜೆಕ್ಟರನ್ನು ನಂಬುವಂತಿರಲಿಲ್ಲ. ನಾನೇ ಬರೆಯಲು ತೀರ್ಮಾನಿಸಿದೆ. ರಂಗೋಲಿಯ ಸ್ಪರ್ಧೆಗಳಲ್ಲಿ ಕೈ ಪಳಗಿದ್ದುದರಿಂದ ಗೆರೆಯ ಬಗ್ಗೆ ನನಗೆ ಭಯವಿರಲಿಲ್ಲ. ಆಗ ನಮ್ಮ ಮನೆಯ ಮೇಲೆ ಬಾಡಿಗೆಗೆಂದು ಒಂದು ಮಹಡಿ ಏಳುತ್ತಿತ್ತು. ಮೇಸ್ತ್ರಿಯ ಬಳಿ, ಹಸಿ ಕಾಂಕ್ರೀಟನ್ನು ಹೊರುವ ಸೆಂಟ್ರಿಂಗಿಗೆ ಬಳಸಿ ಉಳಿದ ಒಂದು ಪ್ಲೈವುಡ್ ಹಲಗೆಯನ್ನು ಕೇಳಿ ಪಡೆದೆ. ಅವರು ಏಕೆ ಏನು ಎಂದು ಕೇಳದೆ, ತುಂಬ ಸಂತೋಷದಿಂದ, ಅಂಚನ್ನು ಉಜ್ಜಿ ನುಣುಪು ಮಾಡಿಯೂ ಕೊಟ್ಟರು. ಆ ಸಂತೋಷದ ಕಾರಣವನ್ನು ನಾನು ವಿಚಾರಿಸಬೇಕಾಗಿತ್ತು. ಹಲಗೆಗೆ ಸುಣ್ಣ ಬಳಿದು, ಬಣ್ಣದಲ್ಲಿ ನ್ಯೂಯಾರ್ಕಿನ ಪುಢಾರಿಯನ್ನು ಬರೆದೆ. ಉಬ್ಬಿದ ಕಣ್ಣು, ಇಳಿಬಿದ್ದ ಕೆನ್ನೆ, ಗುಡಾಣದಂಥ ಹೊಟ್ಟೆ. ಒಣಗಲೆಂದು ಮೆಟ್ಟಿಲಿನ ಬಳಿ ಒರಗಿಸಿಟ್ಟು, ಮಾದರಿ ಪಾಠದ ಸಮಯವನ್ನು ಖಚಿತಪಡಿಸಿಕೊಳ್ಳಲು ಕಾಲೇಜಿಗೆ ಹೋದೆ. ಹಿಂದಿನ ದಿನವಷ್ಟೇ ಖಚಿತಪಡಿಸಿಕೊಂಡಿದ್ದೆ, ಆದರೂ ಹೋದೆ.

ಸಂಜೆ ಹಿಂದಿರುಗುವಾಗ ಬೀದಿಯ ತಿರುವಿನಿಂದಲೇ ನನಗೆ ಅವನು ಕಾಣಿಸಿದ. ಮರುದಿನ ಮೋಲ್ಡ್ ಹಾಕಲಿದ್ದ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯಲಿದ್ದ ನಮ್ಮ ಮಹಡಿಯ ಮುಂಭಾಗದಲ್ಲಿ, ಬೀದಿಗೆ ಮುಖ ಮಾಡಿ, ನ್ಯೂಯಾರ್ಕಿನ ಪುಢಾರಿ ತಂತಿಯಲ್ಲಿ ನೇತಾಡುತ್ತಿದ್ದ. ಕೊರಳಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಸರ. ಪಕ್ಕದಲ್ಲಿ ಒಂದು ಹಳೆಯ ಚಪ್ಪಲಿ. ಬಾಯಿಂದ ಗದ್ದದವರೆಗೆ, ನೆಲಕ್ಕೆ ಬಳಿಯುವ ರೆಡ್ ಆಕ್ಸೈಡಿನಲ್ಲಿ ಹೊಸದಾಗಿ ಬರೆದ ಒಂದು ನಾಲಿಗೆ. ಕಟ್ಟುತ್ತಿರುವ ಮನೆಗೆ ಕೆಟ್ಟ ಕಣ್ಣು ತಾಕದಿರಲೆಂದು ನಮ್ಮಲ್ಲಿ ಎಲ್ಲರೂ ಒಂದು ವಿಕಾರ ಮುಖವನ್ನು ತೂಗುಹಾಕುತ್ತಾರೆ. ಅಂಗಡಿಯಿಂದ ಅಂಥ ದೃಷ್ಟಿ ಬೊಂಬೆಯೊಂದನ್ನು ತರುವಂತೆ ಮೇಸ್ತ್ರಿ ಅಮ್ಮನಿಗೆ ವಾರದಿಂದ ಹೇಳುತ್ತಿದ್ದರಂತೆ.

"ಅಮ್ಮಾ! ಅದು ನನ್ನ ಪಾಠದ ಚಿತ್ರ!"

"ಪಾಠಕ್ಕಾ?" ಅಮ್ಮ ಮೇಲೆ ನೋಡಿದಳು, ನನ್ನನ್ನು ನೋಡಿದಳು. "ಇಂಥ ಮುಖ ಇಟ್ಕೊಂಡು ಪಾಠ ಮಾಡ್ತಾರೇನೇ? ನಾನು, ಮಗಳು ಎಷ್ಟ್ ಶ್ರದ್ಧೆಯಿಂದ ಮನೆಗೆ ದೃಷ್ಟಿ ಬೊಂಬೆ ಬರ್ದವ್ಳೆ ಅಂತ ಬೀದಿಯೆಲ್ಲಾ ಹೇಳ್ಕೊಂಡು ಬಂದೆ."

ಮೇಸ್ತ್ರಿ ಏಣಿಯ ಮೇಲಿಂದಲೇ ಪ್ರಶಂಸಿಸಿದರು. "ಸೂಪರ್ ಆಗಿದೆ ಮೇಡಂ. ಅಂಗಡೀಲಿ ಸಿಗೋದು ಬರೀ ರಾಕ್ಷಸನ ಮುಖ. ಇದು ನಿಜವಾದ ಮನುಷ್ಯನ್ ತರ ಇದೆ, ಅದಕ್ಕೇ ಇನ್ನೂ ಭಯ ಆಗುತ್ತೆ. ನಾಲಿಗೆ ಒಂದು ಮರ್ತಿದ್ರಿ, ನಾನೇ ಹಾಕ್ದೆ."

"ದಯವಿಟ್ಟು ಇಳಿಸಿಕೊಡಿ. ನಾಳೆ ಬೆಳಿಗ್ಗೆ ನನಗದು ಬೇಕೇಬೇಕು."

"ಕರ್ಪೂರ ಬೆಳಗಿ ಆಗೋಯ್ತಲ್ಲ. ಇನ್ನು ಗೃಹಪ್ರವೇಶದ ತನಕ ಮುಟ್ಟಂಗಿಲ್ಲ. ಇಳಿಸಿದ್ಮೇಲೆ ನಾಳೆ ಸೆಂಟ್ರಿಂಗ್ ಏನಾದ್ರೂ ಅಲ್ಲಾಡಿದ್ರೆ ಜವಾಬ್ದಾರಿ ನೀವು ತಗೋತೀರಾ?"

ಸೆಂಟ್ರಿಂಗಿಗೂ ಹಲಗೆಗೂ ಕಾರ್ಯಕಾರಣ ಸಂಬಂಧವಿಲ್ಲವೆಂಬ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿಯೇ ಇತ್ತು. ಆದರೆ ಜವಾಬ್ದಾರಿ ಎಂಬ ಪದ ಕೇಳಿದೊಡನೆ ಹಿಂದಕ್ಕೆ ಸರಿಯುವುದು ನನ್ನ ಅಭ್ಯಾಸ. ಅಷ್ಟರಲ್ಲಿ ಬೀದಿಯಲ್ಲಿ ಒಂದು ಸ್ಕೂಟರು ನಿಂತಿತು. ಅದರ ಮೇಲಿದ್ದ ಇಬ್ಬರು ಹುಡುಗರು ಕತ್ತೆತ್ತಿ ನೋಡಿದರು.

"ಲೇ ಮಗಾ, ಇದು ನಮ್ ಕಾಲೇಜ್ ಅಧ್ಯಕ್ಷರಲ್ವೇನೋ?"

"ಅವ್ರೇ ಗುರು! ಅದೇ ಗಡ್ಡ, ಅದೇ ಡೊಳ್ಳು. ನಾಲಿಗೆ ಮಾತ್ರ ಎಕ್ಸ್‌ಟ್ರಾ."

ಇಬ್ಬರೂ ಬೆನ್ನು ತಿರುಗಿಸಿ ನಿಂತು ಸೆಲ್ಫಿ ತೆಗೆದುಕೊಂಡರು. ನಾನು ಅವರನ್ನು ತಿದ್ದಿದೆ. ಅದು ಹತ್ತೊಂಬತ್ತನೆಯ ಶತಮಾನದ ನ್ಯೂಯಾರ್ಕಿನ ವ್ಯಕ್ತಿಯೆಂದೂ, ನಮ್ಮ ಅಧ್ಯಕ್ಷರಿಗೆ ಗಡ್ಡವಿಲ್ಲವೆಂದೂ, ತಲೆತುಂಬ ಕೂದಲಿದೆಯೆಂದೂ, ಬೇಕಿದ್ದರೆ ಹೆಬ್ಬಾಳಕ್ಕೆ ಹೋಗಿ ಫ್ಲೆಕ್ಸ್ ನೋಡಿಕೊಳ್ಳಬಹುದೆಂದೂ ಸ್ಪಷ್ಟವಾಗಿ ತಿಳಿಸಿದೆ.

"ಫ್ಲೆಕ್ಸ್ ನೋಡಿ ಯಾರಾದ್ರೂ ಮುಖ ನಂಬ್ತಾರಾ ಮೇಡಂ?" ಎಂದು ನಗುತ್ತ ಅವರು ಹೊರಟುಹೋದರು. ಹುಡುಗರಿಗೆ ಯಾವುದರಲ್ಲಿಯೂ ಗಾಂಭೀರ್ಯವಿಲ್ಲವೆಂದು ನಾನು ಅಂದುಕೊಂಡೆ.

ಬೆಳಗಿನ ಜಾವ ಎದ್ದು, ಒಂದು ಚಾರ್ಟ್ ಹಾಳೆಯ ಮೇಲೆ ಅದೇ ಚಿತ್ರವನ್ನು ನಾಲಿಗೆಯಿಲ್ಲದೆ ಮತ್ತೆ ಬರೆದೆ. ಎರಡನೆಯ ಸಲ ಕೈ ಇನ್ನೂ ಸಲೀಸಾಗಿ ಓಡಿತ್ತು. ಹೊಟ್ಟೆ ಇನ್ನೂ ಚೆನ್ನಾಗಿ ಬಂದಿತ್ತು. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸೆರಗಿಗೆ ಎಲ್ಲ ಕಡೆಯೂ ಪಿನ್ನು ಚುಚ್ಚಿಕೊಂಡು ಕಾಲೇಜಿಗೆ ಹೊರಟೆ. ಅಮ್ಮ ಹಣೆಗೆ ಕುಂಕುಮವಿಟ್ಟು, "ಮೇಲಿರೋನು ನೋಡ್ಕೊತಾನೆ" ಎಂದಳು. ಅವಳ ಬೆರಳು ದೇವರ ಕಡೆಗಿತ್ತೋ, ಹಲಗೆಯ ಕಡೆಗಿತ್ತೋ ನಾನು ಕೇಳಲಿಲ್ಲ.

ಸಭಾಂಗಣದಲ್ಲಿ ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು, ಮೊದಲ ಸಾಲಿನಲ್ಲಿ ಬಲವಂತವಾಗಿ ಕೂರಿಸಿದ್ದ ಕೆಲವು ವಿದ್ಯಾರ್ಥಿಗಳು ಇದ್ದರು. ಬಾಗಿಲು ತೆರೆಯಿತು. ಎಲ್ಲರೂ ಎದ್ದು ನಿಂತರು. ಒಳಗೆ ಬಂದದ್ದು ಮೊದಲು ಒಂದು ಹೊಟ್ಟೆ. ಅದರ ಹಿಂದೆ ಬೋಳು ನೆತ್ತಿ, ಎದೆಗೆ ಇಳಿದ ಗಡ್ಡ, ಉಬ್ಬಿದ ಕಣ್ಣು, ವಜ್ರದ ಪಿನ್ನು ಇರಬೇಕಾದ ಜಾಗದಲ್ಲಿಯೇ ಹೊಳೆಯುವ ಚಿನ್ನದ ಪದಕ. ನಾನು ಎರಡು ಸಲ ಬರೆದ ಮನುಷ್ಯ ಬಿಳಿಯ ಅಂಗಿ ಧರಿಸಿ, ಉಸ್ಸಪ್ಪಾ ಎಂದು ಕುರ್ಚಿಯಲ್ಲಿ ಕುಳಿತರು. ತಮ್ಮ ಹೊಸ ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಗೆ ಡಾಂಬರು ಬೀಳುವ ತನಕ ಗಡ್ಡ ತೆಗೆಯುವುದಿಲ್ಲವೆಂದು ಅವರು ಹರಕೆ ಹೊತ್ತಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ರಸ್ತೆಯನ್ನು ನೋಡಿದವರಿಗೆ ಗಡ್ಡದ ಉದ್ದ ಆಶ್ಚರ್ಯ ತರಿಸುವಂತಿರಲಿಲ್ಲ.

"ಶುರು ಮಾಡವ್ವಾ" ಎಂದರು.

ಸುರುಳಿಯನ್ನು ಮೇಜಿನ ಹಿಂದೆ ನಿಲ್ಲಿಸಿ, ಅದನ್ನು ಬಿಚ್ಚದೆಯೇ ಪಾಠ ಮುಗಿಸುವುದೆಂದು ಆ ಕ್ಷಣವೇ ನಿರ್ಧರಿಸಿದೆ. ಹಾವಿನ ಬಗ್ಗೆ ಮಾತಾಡಿದೆ. ಹಲ್ಲಿಯ ಬಗ್ಗೆ ಮಾತಾಡಿದೆ. ಕತ್ತೆ, ಆನೆಗಳ ಬಗ್ಗೆ ಸಾಧ್ಯವಿದ್ದಷ್ಟೂ ಲಂಬಿಸಿದೆ. ಕರಡಿಯ ಬಗ್ಗೆ ಹೇಳುವಾಗ ಅಪ್ಪನ ಆಟೋವನ್ನೂ ಸೇರಿಸಿಬಿಟ್ಟೆ. ವ್ಯಂಗ್ಯಚಿತ್ರದ ಪ್ರಭಾವ ಅಟ್ಲಾಂಟಿಕ್ ಸಾಗರವನ್ನು ದಾಟಿ ಯಶವಂತಪುರದ ಮಾರುಕಟ್ಟೆಯನ್ನು ಮುಟ್ಟಿದೆ ಎಂದು ನಾನು ಆಡಿದ ವಾಕ್ಯವನ್ನು ಮುಖ್ಯಸ್ಥರು ಬರೆದುಕೊಂಡರು. ಪ್ರಾಣಿಗಳೆಲ್ಲ ಮುಗಿದವು. ಪಾಠದ ಸಮಯ ಮಾತ್ರ ಇನ್ನೂ ಉಳಿದಿತ್ತು.

"ಇದೇನವ್ವ, ಬನ್ನೇರುಘಟ್ಟದ ಜೂಗೆ ಓದಂಗೆ ಆಯ್ತು, ಮನುಷ್ರೇ ಇಲ್ವಾ?" ಅಧ್ಯಕ್ಷರು ಆಕಳಿಸಿದರು. "ಆ ಸುರುಳೀಲಿ ಏನೈತೆ?"

"ಅದು... ಪೂರಕ ಸಾಮಗ್ರಿ ಸರ್."

"ಬಿಚ್ಚು, ನೋಡಾವ."

ಮೊದಲ ಸಾಲಿನ ಹುಡುಗನೊಬ್ಬ ಉತ್ಸಾಹದಿಂದ ಎದ್ದು ಬಂದು ಸುರುಳಿಯ ಒಂದು ತುದಿ ಹಿಡಿದ. ರಬ್ಬರ್ ಬ್ಯಾಂಡು ಹಾರಿಹೋಯಿತು. ಚಾರ್ಟು ಬಿಚ್ಚಿಕೊಂಡಿತು. ವಿದ್ಯಾರ್ಥಿಗಳು ಚಿತ್ರವನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು, ನಂತರ ಒಟ್ಟಾಗಿ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು. ಮುಖ್ಯಸ್ಥರಿಗೆ ಕೆಮ್ಮು ಬಂತು. ಪ್ರಾಂಶುಪಾಲರಿಗೂ ಬಂತು.

ಅಧ್ಯಕ್ಷರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಚಿತ್ರವನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ಒಂದೇ ಪ್ರಶ್ನೆ ಕೇಳಿದರು.

"ನಾಲಿಗೆ ಎಲ್ಲಿ?"

ನಾನು ಚಾರ್ಟನ್ನು ಮತ್ತೆ ಸುತ್ತತೊಡಗಿದೆ, ಅವರು ಕೈಯೆತ್ತಿ ತಡೆದರು.

"ನೆನ್ನೆ ಸಂಜೆ ಅಮೃತಳ್ಳೀಲಿ ಒಂದು ಬಿಲ್ಡಿಂಗ್ ಮ್ಯಾಗೆ ಇವ್ನೇ ನೇತಾಡ್ತಿದ್ದ. ಉದ್ದುಕ್ಕೂ ನಾಲಿಗೆ ಬಿಟ್ಕೊಂಡು. ನಮ್ಮೂರ ಐಕ್ಳೆಲ್ಲ ಪೋಟೋ ಕಳ್ಸವ್ರೆ. ನಮ್ಮನೆಯೋಳು ಪೋನ್ ಮಾಡಿ, ರೀ ನಿಮ್ನ ಯಾರೋ ಕಟ್ಟಾಕವ್ರೆ ಅಂತ ಅಳ್ತಾವ್ಳೆ. ಯಾರವ್ವ ಇವ್ನು?"

"ನ್ಯೂಯಾರ್ಕಿನವರು ಸರ್. ತಾವಲ್ಲ. ಖಂಡಿತವಾಗಿಯೂ ತಾವಲ್ಲ."

"ಏನ್ ಮಾಡ್ಕೊಂಡಿದ್ದ?"

ಸುಳ್ಳು ಹೇಳಲು ಮನಸ್ಸು ಬಯಸಿತು. ಆದರೆ ತಪ್ಪು ಉತ್ತರ ಹೇಳಲು ನನ್ನ ಬಾಯಿ ಎಂದೂ ಒಪ್ಪಿಲ್ಲ. "ಕಟ್ಟಡ... ಕಟ್ಟಿಸುತ್ತಿದ್ದರು ಸರ್."

"ನಮ್ಮಂಗೇ."

"ನಿಮ್ಮಂತಲ್ಲ ಸರ್. ಇವರು ಜನರ ಹಣವನ್ನು ಕಬಳಿಸುತ್ತಿದ್ದರು ಸರ್."

ಹೇಳಿದ ಮೇಲೆ ಆ ವಾಕ್ಯ ಕಿವಿಗೆ ಕೇಳಿಸಿತು. ಪ್ರಾಂಶುಪಾಲರ ಕೆಮ್ಮು ಜೋರಾಯಿತು. ಹುದ್ದೆ ಎಂಬ ಪದವೇ ನನ್ನ ಕಣ್ಣೆದುರಿಗೆ ಬಾಗಲೂರಿನ ಕಡೆಗೆ ನಡೆದುಹೋಗುತ್ತಿರುವಂತೆ ಭಾಸವಾಯಿತು. ಇನ್ನು ಕಳೆದುಕೊಳ್ಳಲು ಉಳಿದದ್ದೇನೂ ಇಲ್ಲವೆಂಬ ಧೈರ್ಯದಲ್ಲಿ ಉಳಿದ ಕಥೆಯನ್ನೆಲ್ಲ ಹೇಳಿಬಿಟ್ಟೆ. ಓದಲು ಬಾರದ ಮತದಾರರು, ವಾರ ವಾರದ ಚಿತ್ರಗಳು, ಸ್ಪೇನಿಗೆ ಓಡಿದ್ದು, ಮಕ್ಕಳ ಕಳ್ಳನೆಂದು ತಿಳಿದು ಹಿಡಿದದ್ದು, ನಮ್ಮ ಅಮ್ಮ ಅದನ್ನೇ ದೃಷ್ಟಿ ಬೊಂಬೆಯೆಂದು ತಿಳಿದು ಕಟ್ಟಿಸಿದ್ದು, ಮೇಸ್ತ್ರಿ ನಾಲಿಗೆ ಬರೆದದ್ದು.

ಅಧ್ಯಕ್ಷರ ಮುಖದಲ್ಲಿ ಕೋಪ ಮೂಡಲೆಂದು ನಾನು ಕಾದೆ. ಮೂಡಿದ್ದು ನಿರಾಸೆ.

"ಅಂಗಾದ್ರೆ ನಾನಲ್ವಾ ಇದು?"

"ಅಲ್ಲ ಸರ್."

"ಒಂಚೂರೂ ಅಲ್ವಾ?"

ಮುಖ್ಯಸ್ಥರು ನನ್ನ ಕಡೆಗೆ ಕಣ್ಣಿನಲ್ಲಿಯೇ ಏನೋ ಬೇಡಿಕೊಂಡರು. "ಹೊಟ್ಟೆಯ ಕಡೆ... ಸ್ವಲ್ಪ ಇರಬಹುದು ಸರ್" ಎಂದೆ.

ಅಧ್ಯಕ್ಷರು ಗಟ್ಟಿಯಾಗಿ ನಕ್ಕರು. ಹೊಟ್ಟೆಯೂ ನಕ್ಕಿತು. "ನೋಡ್ರಪ್ಪಾ, ಈ ಗಡ್ಡ ಬಿಟ್ಟಾಗಿಂದ ನಮ್ ಅಪಾರ್ಟ್‌ಮೆಂಟಲ್ಲಿ ಒಸಾ ವಾಚ್‌ಮ್ಯಾನು ನನ್ನೇ ಒಳಿಕ್ಕೆ ಬಿಡ್ತಿಲ್ಲ. ಗೇಟ್ ಮ್ಯಾಗೆ ನಂದೇ ಪ್ಲೆಕ್ಸ್ ಐತೆ. ಅದನ್ನ ನೋಡ್ತಾನೆ, ನನ್ನ ನೋಡ್ತಾನೆ, ಯಾರ್ ಬೇಕಿತ್ತು ಅಂತಾನೆ! ಅಷ್ಟೊಂದು ಪ್ಲೆಕ್ಸ್ ಕಟ್ಸಿದೀನಿ, ಒಬ್ಬನಾದ್ರೂ ನಿಂತು ನೋಡಿದ್ನಾ? ನೆನ್ನೆ ಆ ಅಲಗೆ ಮುಂದೆ ಗಾಡಿ ನಿಲ್ಸಿ ನಿಲ್ಸಿ ನೋಡವ್ರೆ. ಅಮೇರಿಕದೋನು ಅಂತೆ, ಇರ್ಲಿ. ಇಡೀ ಏರಿಯಾಗೆ ನನ್ ಗುರ್ತು ಸಿಕ್ತಲ್ಲ!"

ಎದ್ದು ನಿಂತರು. "ಇಷ್ಟು ವರ್ಷದಾಗೆ ನಂಗೆ ನಿದ್ದೆ ಬರ್ಸದೆ ಪಾಠ ಮಾಡಿದ್ದು ಈವಮ್ಮ ಒಬ್ಳೇ. ಕೆಲ್ಸಕ್ಕೆ ತಗೊಳ್ಳಿ." ಬಾಗಿಲಲ್ಲಿ ತಿರುಗಿ ನಿಂತು ಸೇರಿಸಿದರು: "ಆ ಅಲಗೆ ಇಳಿಸ್ಬೇಡಿ. ಆ ಮೇಸ್ತ್ರಿ ನಮ್ ಸೈಟಲ್ಲೂ ಕೆಲ್ಸ ಮಾಡ್ತಾನೆ. ನೆನ್ನೆ ಕೇಳ್ದಾಗ, ಇಳಿಸಿದ್ರೆ ಒಳ್ಳೇದಲ್ಲ ಅಂದ."

ನಮ್ಮ ಬೀದಿಯಲ್ಲಿ ಈ ಯಶಸ್ಸಿನ ಕೀರ್ತಿಯೆಲ್ಲ ಹಲಗೆಗೇ ಸಂದಿತು. ಅಮ್ಮ ಅದಕ್ಕೆ ಹೊಸ ನಿಂಬೆಹಣ್ಣು ಕಟ್ಟಿಸಿದಳು. ನಾನು ಸಹಕಾರನಗರದ ಸ್ಟುಡಿಯೋ ಒಂದರಲ್ಲಿ ಗುರುತಿನ ಚೀಟಿಗೆ ಭಾವಚಿತ್ರ ತೆಗೆಸಿಕೊಂಡೆ. ಮುದ್ರಿತವಾಗಿ ಬಂದ ಚೀಟಿಯಲ್ಲಿ ನನ್ನ ಕೆನ್ನೆಗಳು ಹಾಲಿನಂತಿದ್ದವು, ಕನ್ನಡಕ ಮಾಯವಾಗಿತ್ತು, ಹಣೆ ಅರ್ಧಕ್ಕಿಳಿದಿತ್ತು. ಸ್ಟುಡಿಯೋದವನು, "ಟಚಪ್ ಫ್ರೀ ಮೇಡಂ" ಎಂದಿದ್ದ. ಮನೆಯಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಅಮ್ಮ ಮಾತ್ರ, "ಯಾರ್ ಮಗಳೇ ಇವಳು?" ಎಂದಳು.

ಕೆಲಸಕ್ಕೆ ಹಾಜರಾಗುವ ದಿನ ತಡವಾದೀತೆಂಬ ಆತಂಕದಲ್ಲಿ ಯಾರೂ ಬರುವುದಕ್ಕೆ ಮೊದಲೇ ಕಾಲೇಜಿನ ಗೇಟಿನ ಮುಂದೆ ನಿಂತಿದ್ದೆ. ರಜೆಯಲ್ಲಿ ಕಾವಲಿನವರನ್ನು ಬದಲಾಯಿಸಿದ್ದರು. ಕಲಬುರಗಿಯ ಕಡೆಯ ಹೊಸ ಕಾವಲುಗಾರ ನನ್ನ ಚೀಟಿಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದ.

"ಇದರಾಗ ಇರೋ ಮೇಡಂ ಬ್ಯಾರೆ ಅದಾರ್ರೀ."

"ಅದು ನಾನೇ."

"ಇವ್ರಿಗಿ ಚಷ್ಮಾ ಇಲ್ಲ. ನಿಮಗ ಅದ. ಇವ್ರು ನಗಲಿಕತ್ತಾರ. ನೀವು ನಗೂದಿಲ್ಲ. ನಾ ಹ್ಯಾಂಗ ಬಿಡ್ಲಿ ಹೇಳ್ರಿ?"

ಇದಕ್ಕೆ ಯಾವ ಸರಿಯಾದ ಉತ್ತರವನ್ನು ಕೊಡಬೇಕೆಂದು ಯೋಚಿಸುತ್ತಿರುವಾಗ, ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಧರಿಸಿ, ಬೆಳಗಿನ ನಡಿಗೆಯಲ್ಲಿ ಹೊಸ ಕಟ್ಟಡದ ಬಣ್ಣ ನೋಡಲೆಂದು ಅಧ್ಯಕ್ಷರು ಬಂದರು. ಗಡ್ಡ ಇನ್ನೂ ಇತ್ತು. ರಸ್ತೆ ಇನ್ನೂ ಹಾಗೆಯೇ ಇತ್ತು.

"ಗೇಟ್ ತಗಿಯಪ್ಪ, ನಾನು ಅಧ್ಯಕ್ಷ."

ಕಾವಲುಗಾರ ವಿನಯದಿಂದ ಮೇಲಕ್ಕೆ ಕೈ ತೋರಿಸಿದ. ಗೇಟಿನ ನೆತ್ತಿಯ ಮೇಲೆ, ಕಪ್ಪು ಕೂದಲಿನ, ನುಣ್ಣನೆಯ ಕೆನ್ನೆಯ ವ್ಯಕ್ತಿ ನಮ್ಮಿಬ್ಬರಿಗೂ ಕೈ ಮುಗಿಯುತ್ತಿದ್ದರು. "ಅಧ್ಯಕ್ಷರು ಅಲ್ಲಿ ಅದಾರ ನೋಡ್ರಿ."

ಅಧ್ಯಕ್ಷರು ಜೇಬು ತಡಕಿದರು. ಫೋನು ಮನೆಯಲ್ಲಿತ್ತು. ನನ್ನ ಕಡೆಗೆ ತಿರುಗಿದರು. "ಮೇಡಂ, ಸೀಮೆಸುಣ್ಣ ಐತಾ?"

ನನ್ನ ಚೀಲದಲ್ಲಿ ಸೀಮೆಸುಣ್ಣ ಇಲ್ಲದ ದಿನವಿಲ್ಲ. ಗೇಟಿನ ಕಪ್ಪು ತಗಡಿನ ಮೇಲೆ ಬರೆದೆ. ಬೋಳು ನೆತ್ತಿ, ಗಡ್ಡ, ಹೊಟ್ಟೆ. ಮೂರನೆಯ ಸಲವಾದ್ದರಿಂದ ಕೈ ನಿಲ್ಲಲೇ ಇಲ್ಲ. ಅಧ್ಯಕ್ಷರು ಪಕ್ಕದಲ್ಲಿ ನಿಂತು, "ಕೂದ್ಲು ಒಂಚೂರು ಆಕು" ಎಂದು ಪಿಸುಗುಟ್ಟಿದರು. ಹಾಕಿದರೆ ಗೇಟು ತೆರೆಯುವುದಿಲ್ಲವೆಂದು ನಾನು ಗೌರವಪೂರ್ವಕವಾಗಿ ತಿಳಿಸಿದೆ. ಕಾವಲುಗಾರ ಚಿತ್ರ ನೋಡಿದ, ಅವರನ್ನು ನೋಡಿದ, ಸೆಲ್ಯೂಟ್ ಹೊಡೆದ.

"ಅಯ್ಯ, ತಪ್ಪಾತ್ರಿ ಸಾಹೇಬ್ರ! ನೀವ ಅದೀರಿ!"

ಒಳಗೆ ಕಾಲಿಟ್ಟ ಅಧ್ಯಕ್ಷರು ನನ್ನ ಪರವಾಗಿ ಒಂದು ಮಾತು ಹೇಳಬಹುದಿತ್ತು. ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನಾನೇನೂ ಏಳಾಕಿಲ್ಲ. ನಿಂದೂ ಬರಿ, ನೋಡಾವ."

ನನ್ನನ್ನೇ ನಾನು ಎಂದೂ ಬರೆದವಳಲ್ಲ. ಬಹಳ ಹೊತ್ತು ಯೋಚಿಸಿದೆ. ಮೊದಲು ಹಣೆಯನ್ನು ಬರೆದೆ, ಗೇಟಿನ ಅರ್ಧದಷ್ಟು. ಅದರ ಕೆಳಗೆ ಎರಡು ಬಟ್ಟಲುಗಳಂಥ ಕನ್ನಡಕ. ಹೊಲಿದಿಟ್ಟಂತೆ ಬಿಗಿದ ಬಾಯಿ. ಸೆರಗಿನ ತುಂಬ ಪಿನ್ನು, ಪಿನ್ನಿನ ಮೇಲೆ ಪಿನ್ನು. ಮೋಡವೇ ಇಲ್ಲದ ದಿನವೂ ಕಂಕುಳಲ್ಲಿ ಒಂದು ಕೊಡೆ.

ಕಾವಲುಗಾರನಿಗೆ ನಗು ತಡೆಯಲಾಗಲಿಲ್ಲ. "ಬರ್ರಿ ಮೇಡಂ, ಬರ್ರಿ. ಮೊದ್ಲ ಇದನ್ನ ತೋರಸ್ಬೇಕಿತ್ತು ನೀವು" ಎಂದು ಗೇಟು ತೆರೆದು, ಗುರುತಿನ ಚೀಟಿಯನ್ನು ನನಗೆ ಹಿಂದಿರುಗಿಸಿದ.

ಮಧ್ಯಾಹ್ನ ಜವಾನರು ಬಕೆಟ್ಟು, ಬಟ್ಟೆ ತಂದು ಗೇಟು ಒರೆಸಲು ಹೊರಟರಂತೆ. ಕಾವಲುಗಾರ ಬಿಡಲಿಲ್ಲ.

"ಇರ್ಲಿ ಬಿಡ್ರಿ" ಎಂದನಂತೆ. "ನಾಳೆನೂ ಬರ್ತಾರಲ್ಲ ಇಬ್ಬರೂ."